ಕಂಬ ಹತ್ತುವವರು ನಾವು, ಕಮಾಂಡ್ ಒತ್ತುವವರು ಯಾರು?

ಗೋಕಾಕ್ ಎಂದ ಕೂಡಲೇ ನಿಮಗೇನು ನೆನಪಾಗುತ್ತದೆ? ಕರದಂಟು. ಜಲಪಾತ. ಇಲ್ಲವೇ 1982ರ ಚಳವಳಿ, ರಾಜಕುಮಾರ್ ಬೀದಿಗಿಳಿದದ್ದು, ಶಾಲೆಯಲ್ಲಿ ಕನ್ನಡಕ್ಕೆ ಮೊದಲ ಸ್ಥಾನ ಕೊಡಿ ಎಂದು ನಾಡೇ ಕೂಗಿದ್ದು. ಆ ವರದಿ ಕೊಟ್ಟ ವಿ.ಕೃ. ಗೋಕಾಕರು ಹುಟ್ಟಿದ್ದು ಸವಣೂರಿನಲ್ಲಿ. ಊರಿನ ಹೆಸರು ಅವರಿಗೆ ಅಡ್ಡಹೆಸರಾಗಿ ಬಂದಿತ್ತು, ಅಷ್ಟೆ. ಹೀಗಾಗಿ ಬೆಂಗಳೂರಿನ ನಮ್ಮ ಎಷ್ಟೋ ಹುಡುಗರಿಗೆ ಗೋಕಾಕ್ ಒಂದು ಘೋಷಣೆ ಮಾತ್ರ. ಅಲ್ಲಿ ಜನ ಇದ್ದಾರೆ, ಅವರ ಮನೆಯಲ್ಲಿ ಫೋನಿದೆ, ಅದು ಆಗಾಗ ಸಾಯುತ್ತದೆ ಎಂಬುದು ನೆನಪಿಗೆ ಬರುವುದಿಲ್ಲ.

ಇವತ್ತು ಬರೆಯುತ್ತಿರುವುದು ಆ ಸತ್ತ ಫೋನಿನ ವಿಷಯ.

08332. ಇದು ಗೋಕಾಕ. 08333 ಹುಕ್ಕೇರಿ. 08334 ಮೂಡಲಗಿ. ಒಂದರ ಪಕ್ಕ ಒಂದು ಕೂತ ಮೂರು ಎಸ್‌ಟಿಡಿ ಕೋಡುಗಳು. ತಮಾಷೆ ನೋಡಿ, ಮೂಡಲಗಿ ತಾಲ್ಲೂಕಾದದ್ದು 2018ರಲ್ಲಿ, ಅದೂ ಜನ ರಸ್ತೆಗಿಳಿದ ಮೇಲೆ. ಟೆಲಿಫೋನ್ ಇಲಾಖೆ ಅದಕ್ಕಿಂತ ಎಷ್ಟೋ ವರ್ಷ ಮೊದಲೇ ಮೂಡಲಗಿಗೆ ಅದರದೇ ಕೋಡು ಕೊಟ್ಟಿತ್ತು. ಕಂದಾಯ ಇಲಾಖೆಗೆ ಕಾಣದ ಊರು ಎಕ್ಸ್‌ಚೇಂಜ್‌ನ ಕಣ್ಣಿಗೆ ಬಿದ್ದಿತ್ತು.

ಈ ಕೋಡು ಎಲ್ಲಿರುತ್ತದೆ? ಡೈರೆಕ್ಟರಿಯಲ್ಲಿ ಅಂತೀರಿ. ಡೈರೆಕ್ಟರಿ ನಮಗೆ. ಯಂತ್ರಕ್ಕೆ ಬೇರೆಯೇ ಪಟ್ಟಿ ಇರುತ್ತದೆ, ಎಕ್ಸ್‌ಚೇಂಜ್‌ನ ನೆನಪಿನೊಳಗೆ. ನೀವು ಹುಬ್ಬಳ್ಳಿಯಲ್ಲಿ ಕೂತು ಸೊನ್ನೆ ಒತ್ತಿದ ಕೂಡಲೇ ಅದು 'ಈ ಮನುಷ್ಯ ಊರ ಹೊರಗೆ ಹೊರಟ' ಎಂದು ತಿಳಿಯುತ್ತದೆ. ಎಂಟು, ಮೂರು, ಮೂರು, ಎರಡು ಎಂದು ಒಂದೊಂದೇ ಅಂಕಿ ಓದಿ, ಪಟ್ಟಿ ನೋಡಿ, ಕರೆಯನ್ನು ಗೋಕಾಕದ ದಾರಿಗೆ ತಳ್ಳುತ್ತದೆ. ಆ ಪಟ್ಟಿ ಆಕಾಶದಿಂದ ಬಿದ್ದದ್ದಲ್ಲ. ಯಾರೋ ಒಬ್ಬ ಮನುಷ್ಯ ಕಪ್ಪು ಪರದೆಯ ಮುಂದೆ ಕೂತು, ಒಂದು ಸಾಲು ಟೈಪು ಮಾಡಿ, ಎಂಟರ್ ಒತ್ತಿ ಬರೆದದ್ದು. ಆ ಸಾಲಿಗೆ ಕಮಾಂಡ್ ಎನ್ನುತ್ತಾರೆ.

ಅಲ್ಲಿ ಮೌಸಿಲ್ಲ, ಚಿತ್ರವಿಲ್ಲ, ಬಣ್ಣವಿಲ್ಲ. ಒಂದು ಗೀಟು ಮಿಟುಕುತ್ತಿರುತ್ತದೆ. ನೀವು ಕೇಳಬೇಕು, ಅದು ಹೇಳಬೇಕು. ಸರಿಯಾಗಿ ಕೇಳಿದರೆ ಒಂದು ಊರಿಗೇ ಫೋನು ಬರುತ್ತದೆ. ಒಂದು ಅಕ್ಷರ ತಪ್ಪಿದರೆ 'ತಪ್ಪು' ಎಂದು ಮುಖಕ್ಕೆ ಹೇಳುತ್ತದೆ. ಇನ್ನೂ ಕೆಟ್ಟದ್ದೆಂದರೆ, ಕೆಲವು ಸಲ ಏನೂ ಹೇಳದೆ ನಿಮ್ಮ ತಪ್ಪನ್ನೇ ಆಜ್ಞೆ ಎಂದುಕೊಂಡು ನಡೆಸಿಬಿಡುತ್ತದೆ.

ತಾಮ್ರದ ತಂತಿಯ ಕಾಲದಲ್ಲಿ ಈ ದೃಶ್ಯ ಎಲ್ಲ ಊರಿನಲ್ಲೂ ಇತ್ತು. 198ಕ್ಕೆ ದೂರು ಹೋಗಿರುತ್ತದೆ. ಲೈನ್‌ಮನ್ ಸೈಕಲ್ಲೇರಿ ಬರುತ್ತಾನೆ. "ಏನ್ರೀ ಸಾಹೇಬ್ರ, ನಾಕ್ ದಿನಾ ಆತು ಫೋನ್ ಸತ್ತು" ಎಂದು ಮನೆಯವರು ಬೈಯುತ್ತಾರೆ. ಅವನು ಕಂಬ ಹತ್ತಿ, ತಂತಿ ಎಳೆದು, ಡಬ್ಬಿ ಬಿಚ್ಚಿ ನೋಡುತ್ತಾನೆ. ಎಲ್ಲ ಸರಿ ಇದೆ. ಕೊನೆಗೆ ಎಕ್ಸ್‌ಚೇಂಜ್‌ಗೆ ಮಾತಾಡುತ್ತಾನೆ. ಅಲ್ಲಿರುವ ಅಧಿಕಾರಿ ಒಂದು ಸಾಲು ಟೈಪು ಮಾಡಿ ನೋಡಿದರೆ, ಆ ನಂಬರು ಯಂತ್ರದೊಳಗೇ 'ಸೇವೆಯಿಂದ ಹೊರಗೆ' ಎಂದು ಕೂತಿರುತ್ತದೆ. ಇನ್ನೊಂದು ಸಾಲು. ಫೋನು ಜೀವ ಪಡೆಯುತ್ತದೆ. ಕಂಬ ಹತ್ತಿದವನಿಗೆ ಬೈಗುಳ, ಎರಡು ಸಾಲು ಒತ್ತಿದವನಿಗೆ 'ಸಾಹೇಬ' ಎಂಬ ಹೆಸರು. ಕಂಬ ಹತ್ತುವವನು ಕನ್ನಡ ಶಾಲೆಯಲ್ಲಿ ಓದಿದವನಾಗಿದ್ದ. ಕೋಣೆಯ ಒಳಗೆ ಹೋಗುವ ಬಾಗಿಲಿಗೆ ಇಂಗ್ಲಿಷಿನ ಬೀಗ ಇತ್ತು.

ಇದು ನಮ್ಮ ಮಣ್ಣಿಗೆ ಹೊರಗಿನ ವಿದ್ಯೆ ಎಂದುಕೊಳ್ಳಬೇಡಿ. 1984ರ ಆಗಸ್ಟ್‌ನಲ್ಲಿ ಸಿ-ಡಾಟ್ ಎಂಬ ಸಂಸ್ಥೆ ಹುಟ್ಟಿತು. 36 ತಿಂಗಳು, 36 ಕೋಟಿ ರೂಪಾಯಿ, ದೇಶದ್ದೇ ಡಿಜಿಟಲ್ ಎಕ್ಸ್‌ಚೇಂಜ್ ಮಾಡುತ್ತೇವೆ ಎಂದು ಹೊರಟವರು ಸ್ಯಾಮ್ ಪಿತ್ರೋಡಾ ಮತ್ತು ಗೆಳೆಯರು. ದಿಲ್ಲಿಯಲ್ಲಿ ಒಂದು ತಂಡ, ಬೆಂಗಳೂರಿನಲ್ಲಿ ಒಂದು ತಂಡ. ಅವರು ಮಾಡಿದ ಒಂದು ಯಂತ್ರ 128 ಪೋರ್ಟಿನ ಹಳ್ಳಿ ಎಕ್ಸ್‌ಚೇಂಜ್. ವಿದೇಶದಿಂದ ಬರುತ್ತಿದ್ದ ಯಂತ್ರಕ್ಕೆ ಅಳಿಯನಿಗೆ ಮಾಡುವಷ್ಟು ಉಪಚಾರ ಬೇಕು, ಎಸಿ ಕೋಣೆ ಬೇಕು, ಧೂಳು ತಾಗಬಾರದು. ಇದಕ್ಕೆ ಎಸಿ ಬೇಡ. ನಮ್ಮ ಬಿಸಿಲಿಗೆ, ನಮ್ಮ ಧೂಳಿಗೆ, ಬಂದು ಹೋಗುವ ನಮ್ಮ ಕರೆಂಟಿಗೆ ಎಂದೇ ಕಟ್ಟಿದ್ದು. ಆಮೇಲೆ ಅದು ದೇಶದ ಸಾವಿರಾರು ಹಳ್ಳಿಗಳಿಗೆ ಹೋಯಿತು.

ಅದನ್ನು ಮೊದಲು ಚಾಲೂ ಮಾಡಿದ್ದು ಎಲ್ಲಿ ಗೊತ್ತೆ? 1986ರಲ್ಲಿ, ಕಿತ್ತೂರಿನಲ್ಲಿ. ಚೆನ್ನಮ್ಮನ ಕಿತ್ತೂರು. ಗೋಕಾಕ, ಹುಕ್ಕೇರಿ, ಮೂಡಲಗಿ ಇರುವ ಅದೇ ಬೆಳಗಾವಿ ಜಿಲ್ಲೆ. ಭಾರತದ ಹಳ್ಳಿಯ ಡಿಜಿಟಲ್ ಫೋನಿನ ಕತೆ ನಮ್ಮ ಜಿಲ್ಲೆಯಲ್ಲಿ ಶುರುವಾಗಿದೆ. ಕಿತ್ತೂರ ಉತ್ಸವದಲ್ಲಿ ಕತ್ತಿ, ಕುದುರೆ, ಕೋಟೆ ಎಲ್ಲ ಬರುತ್ತವೆ, ಬರಲಿ. ಆ ಡಬ್ಬಿಯ ಹೆಸರೆತ್ತಿದ ಒಂದು ಭಾಷಣವನ್ನೂ ನಾನು ಕೇಳಿಲ್ಲ.

ಈಗ ನಿಮಗೊಂದು ಪ್ರಶ್ನೆ. ಯಂತ್ರಕ್ಕೆ ಯಾವ ಭಾಷೆ ಬರುತ್ತದೆ?

ಇಂಗ್ಲಿಷ್ ಎಂದಿರಿ ತಾನೆ? ನನಗೂ ಹಾಗೇ ಹೇಳಿಕೊಟ್ಟಿದ್ದರು. 'ಕಂಪ್ಯೂಟರಿನ ಭಾಷೆ ಇಂಗ್ಲಿಷ್ ಕಣಯ್ಯಾ, ಅದಕ್ಕೆ ಕನ್ನಡ ಎಲ್ಲಿಂದ ತರ್ತೀಯಾ' ಎಂದು ನಗುವವರು ನಮ್ಮ ಮನೆಗಳಲ್ಲೇ ಇದ್ದಾರೆ. ಅವರಿಗೆ ಹೇಳಲು ಒಂದು ಕತೆ ಇದೆ, ಕೇಳಿ.

1982. ಬೆಂಗಳೂರಿನ ಬೀದಿಯಲ್ಲಿ ಗೋಕಾಕ್ ಚಳವಳಿ ನಡೆಯುತ್ತಿದ್ದ ಅದೇ ವರ್ಷ ದಿಲ್ಲಿ ಸರ್ಕಾರ ಫ್ರಾನ್ಸಿನ ಸಿಐಟಿ-ಆಲ್ಕಾಟೆಲ್ ಜೊತೆ ಒಪ್ಪಂದ ಮಾಡಿಕೊಂಡಿತು. ಇ10ಬಿ ಎಂಬ ಡಿಜಿಟಲ್ ಎಕ್ಸ್‌ಚೇಂಜ್ ನಮ್ಮ ದೇಶಕ್ಕೆ ಬಂತು. ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ಅದನ್ನು ಉತ್ತರ ಪ್ರದೇಶದ ಮಂಕಾಪುರದಲ್ಲಿ ತಯಾರಿಸತೊಡಗಿತು. ದೊಡ್ಡ ದೊಡ್ಡ ಊರುಗಳಲ್ಲಿ ಆ ಯಂತ್ರ ಕೂತಿತು. ಅದರ ಮುಂದೆ ಕೂತ ನಮ್ಮ ಟೆಲಿಫೋನ್ ನೌಕರರು ಹೊಸ ಚಂದಾದಾರನಿಗೆ ನಂಬರು ಕೊಡಲು ಒತ್ತುತ್ತಿದ್ದ ಕಮಾಂಡ್ ಯಾವುದು? ಎ-ಬಿ-ಒ-ಸಿ-ಆರ್.

ಇದು ಯಾವ ಇಂಗ್ಲಿಷ್? ಯಾವ ಇಂಗ್ಲಿಷೂ ಅಲ್ಲ. ಫ್ರೆಂಚರು ಚಂದಾದಾರನಿಗೆ 'ಅಬೊನೆ' ಅನ್ನುತ್ತಾರೆ. ಅದರ ಮೊದಲ ಮೂರಕ್ಷರ ಎ-ಬಿ-ಒ. ಹುಟ್ಟಿಸು ಎಂಬುದಕ್ಕೆ 'ಕ್ರೆಯೆ', ಅದರದ್ದು ಸಿ-ಆರ್. ಚಂದಾದಾರನನ್ನು ಅಳಿಸಬೇಕಾದರೆ ಎ-ಬಿ-ಒ-ಎಸ್-ಯು, ಅಂದರೆ 'ಸುಪ್ರಿಮೆ'. ಬದಲಿಸಬೇಕಾದರೆ ಎ-ಬಿ-ಒ-ಎಂ-ಒ, 'ಮೊದಿಫಿಯೆ'. ಆಮೇಲೆ ಎನ್-ಇ ಎಂದು ಬರೆದು ಒಂದು ಸಂಖ್ಯೆ ಕೊಡಬೇಕು. ಅದು ಫ್ರೆಂಚಿನಲ್ಲಿ ಉಪಕರಣದ ನಂಬರು.

ಅಂದರೆ ಫ್ರೆಂಚಿನ ಒಂದಕ್ಷರ ಓದದ ನಮ್ಮ ಜನ ವರ್ಷಗಟ್ಟಲೆ ದಿನಾ ಫ್ರೆಂಚ್ ಟೈಪು ಮಾಡಿದರು. ಹೆಚ್ಚಿನವರಿಗೆ ಅದು ಫ್ರೆಂಚ್ ಎಂದೇ ಗೊತ್ತಿರಲಿಲ್ಲ. ಯಾವುದೋ ಇಂಗ್ಲಿಷಿನ ಹ್ರಸ್ವರೂಪ ಇರಬೇಕು ಎಂದುಕೊಂಡರು. ಇಂಗ್ಲಿಷ್ ಬಾರದೆ ಯಂತ್ರ ಮುಟ್ಟಲಾಗದು ಎನ್ನುವ ಸಾಹೇಬರು ಇಂಗ್ಲಿಷೇ ಅಲ್ಲದ ಯಂತ್ರವನ್ನು ಸಲೀಸಾಗಿ ನಡೆಸುತ್ತಿದ್ದರು! ಜರ್ಮನಿಯ ಸೀಮೆನ್ಸ್‌ನವರ ಇಡಬ್ಲ್ಯುಎಸ್‌ಡಿ ಎಕ್ಸ್‌ಚೇಂಜ್ ಬಂದಾಗ ಅದೇ ಜನ ಅದನ್ನೂ ಕಲಿತರು. ಮನುಷ್ಯ ಏನನ್ನಾದರೂ ಕಲಿಯುತ್ತಾನೆ, ಹೇಳಿಕೊಡುವವರು ಅವನಿಗೆ ತಿಳಿಯುವ ಮಾತಿನಲ್ಲಿ ಹೇಳಿಕೊಟ್ಟರೆ.

ಇದರ ಹಿಂದೆ ಒಂದು ಕಾನೂನೂ ಇದೆ. ಜಗತ್ತಿನ ಟೆಲಿಫೋನುಗಳಿಗೆಲ್ಲ ನಿಯಮ ಬರೆಯುತ್ತಿದ್ದ ಜಿನೀವಾದ ಸಿಸಿಐಟಿಟಿ ಎಂಬ ಸಮಿತಿ, ಮನುಷ್ಯ ಎಕ್ಸ್‌ಚೇಂಜ್ ಜೊತೆ ಹೇಗೆ ಮಾತಾಡಬೇಕು ಎಂದು ಒಂದು ಸರಣಿ ನಿಯಮ ಮಾಡಿತು. 'ಮ್ಯಾನ್-ಮೆಷೀನ್ ಲ್ಯಾಂಗ್ವೇಜ್' ಎಂದು ಹೆಸರು. ಕಮಾಂಡಿನ ಹೆಸರು ಮೊದಲು, ಆಮೇಲೆ ಎರಡು ಚುಕ್ಕಿ, ಆಮೇಲೆ 'ಇದು ಸಮ ಅದು' ಎಂಬ ವಿವರಗಳು, ನಡುವೆ ಅಲ್ಪವಿರಾಮ, ಕೊನೆಗೆ ಅರ್ಧವಿರಾಮ. ಅದು ಬಿಗಿಹಿಡಿದದ್ದು ಈ ವ್ಯಾಕರಣವನ್ನು. ಆಯಾ ದೇಶದ ಭಾಷೆಗೆ ಒಗ್ಗಿಸಿಕೊಳ್ಳುವಂತಿರಬೇಕು ಎಂಬುದು ಆ ನಿಯಮದ ಉದ್ದೇಶದಲ್ಲೇ ಇತ್ತು. ಫ್ರೆಂಚರು ಆ ಅವಕಾಶವನ್ನು ಎರಡೂ ಕೈಯಿಂದ ಬಾಚಿಕೊಂಡರು. ನಮ್ಮವರು? ಸ್ವಂತ ಯಂತ್ರ ಕಟ್ಟಿದರು, ಕಿತ್ತೂರಿನಲ್ಲಿ ಚಾಲೂ ಮಾಡಿದರು, ಕಮಾಂಡಿಗೆ ಮಾತ್ರ ಇಂಗ್ಲಿಷಿನ ತುಂಡು ಪದಗಳನ್ನೇ ಹಾಕಿದರು. ಬೈಯುತ್ತಿಲ್ಲ. ಹತ್ತಾರು ಭಾಷೆಯ ದೇಶದಲ್ಲಿ ಒಂದೇ ಯಂತ್ರ ಎಲ್ಲ ಕಡೆ ಹೋಗಬೇಕಿತ್ತು, ಅವರ ಕಷ್ಟ ಅವರಿಗೆ. ಆದರೆ ಯಂತ್ರದ ಹಣೆಯಲ್ಲಿ ಇಂಗ್ಲಿಷ್ ಬರೆದಿತ್ತು ಎಂಬುದು ಸುಳ್ಳು. ಬರೆದದ್ದು ನಮ್ಮದೇ ಕೈ.

ಅದೆಲ್ಲ ಹಳೆಯ ಕತೆ. ತಾಮ್ರದ ತಂತಿ ಕಳಚಿಕೊಂಡು ಈಗ ಗಾಜಿನ ಎಳೆ ಬಂದಿದೆ. 2011ರಲ್ಲಿ ಒಪ್ಪಿಗೆ ಪಡೆದು, ಆಮೇಲೆ ಭಾರತ್‌ನೆಟ್ ಎಂದು ಹೆಸರು ಬದಲಿಸಿಕೊಂಡ ಯೋಜನೆ ಗ್ರಾಮ ಪಂಚಾಯಿತಿಗಳತ್ತ ಫೈಬರ್ ಎಳೆಯಿತು. ಊರ ಕೇಬಲ್ ಟಿವಿ ಹುಡುಗರು ಮನೆಮನೆಗೆ ಫೈಬರ್ ಕೊಡುವವರಾದರು. ಎಕ್ಸ್‌ಚೇಂಜ್ ಕೋಣೆಯಲ್ಲಿ ಓಎಲ್‌ಟಿ ಎಂಬ ಯಂತ್ರ. ಅದರ ಒಂದು ಪೋರ್ಟಿನಿಂದ ಹೊರಟ ಒಂದೇ ಎಳೆ ದಾರಿಯಲ್ಲಿ ಕವಲೊಡೆದು 64 ಮನೆಗಳಿಗೆ ಹೋಗಬಹುದು. ಮನೆಯಲ್ಲಿ ಓಎನ್‌ಟಿ ಎಂಬ ಬಿಳಿ ಡಬ್ಬಿ. ಫೋನೂ ಅದರಲ್ಲೇ, ಇಂಟರ್ನೆಟ್ಟೂ ಅದರಲ್ಲೇ. ಯಂತ್ರ ಬದಲಾಯಿತು, ಕಪ್ಪು ಪರದೆ ಬದಲಾಗಲಿಲ್ಲ. ಲ್ಯಾಪ್‌ಟಾಪಿಗೆ ಒಂದು ಕನ್ಸೋಲ್ ಕೇಬಲ್ ಸಿಕ್ಕಿಸಿ, ಪುಟ್ಟಿ ಎಂಬ ಪುಕ್ಕಟೆ ಸಾಫ್ಟ್‌ವೇರ್ ತೆರೆದು, ವೇಗ 9600 ಎಂದು ಕೊಟ್ಟರೆ ಬಹಳಷ್ಟು ಯಂತ್ರಗಳು ಮಾತಿಗೆ ಬರುತ್ತವೆ. ಕೆಲವಕ್ಕೆ 115200. ವೇಗ ತಪ್ಪಿದರೆ ಪರದೆಯ ಮೇಲೆ ಕಾಗೆ ಕಾಲು, ಗುಬ್ಬಿ ಕಾಲು ಕಾಣುತ್ತದೆ, ಹೆದರಬೇಡಿ. ಹೆಸರು ಕೇಳುತ್ತದೆ, ಪಾಸ್‌ವರ್ಡ್ ಕೇಳುತ್ತದೆ. ಒಳಗೆ ಹೋದ ಮೇಲೆ ದಿಕ್ಕು ತೋಚದಿದ್ದರೆ ಪ್ರಶ್ನಾರ್ಥಕ ಚಿಹ್ನೆ ಒತ್ತಿ. ಏನೇನು ಕೇಳಬಹುದು ಎಂದು ಬಹುತೇಕ ಯಂತ್ರಗಳು ತಾವೇ ಪಟ್ಟಿ ಕೊಡುತ್ತವೆ.

ಆ ಪಟ್ಟಿ ಇಂಗ್ಲಿಷಿನಲ್ಲಿರುತ್ತದೆ. ಇಲ್ಲಿಗೆ ನಮ್ಮ ಹುಡುಗ ನಿಂತುಬಿಡುತ್ತಾನೆ.

ಒಬ್ಬ ಹುಡುಗನನ್ನು ಕಣ್ಣ ಮುಂದೆ ತಂದುಕೊಳ್ಳಿ. ಮೂಡಲಗಿಯವನು. ಕನ್ನಡ ಮಾಧ್ಯಮದಲ್ಲಿ ಹತ್ತನೆಯ ತರಗತಿ, ಆಮೇಲೆ ಎಲೆಕ್ಟ್ರಾನಿಕ್ಸ್ ತರಬೇತಿ. ಫೈಬರ್ ಬೆಸೆಯುವುದರಲ್ಲಿ ಅವನ ಕೈ ಎತ್ತಿದ ಕೈ. ಕೂದಲಿಗಿಂತ ಸಣ್ಣ ಎಳೆಯನ್ನು ಕತ್ತರಿಸಿ, ಒರೆಸಿ, ಕೂಡಿಸಿ, ಕಣ್ಣು ಮುಚ್ಚಿ ತೆಗೆಯುವುದರೊಳಗೆ ಮುಗಿಸುತ್ತಾನೆ. ರಾತ್ರಿ ಹತ್ತು ಗಂಟೆಗೆ ಯಾದವಾಡದ ಕಡೆಯ ತೋಟದ ಮನೆಯಿಂದ ಫೋನು: "ನೆಟ್ ಬಂದ್ ಆಗೈತ್ರೀ." ಇವನು ದೂರದ ನಗರದ ನಿಗಾ ಕೇಂದ್ರಕ್ಕೆ ಕರೆ ಮಾಡುತ್ತಾನೆ. ಅಲ್ಲಿಂದ ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಒಂದೇ ಮಾತು: ಹೋಗಿ ನೋಡು. ಮಳೆಯಲ್ಲಿ ಬೈಕ್ ಹತ್ತುತ್ತಾನೆ. ಹೋಗಿ ನೋಡಿದರೆ ತೋಟದ ಮನೆಯಲ್ಲಿ ಕರೆಂಟೇ ಇಲ್ಲ!

ಇದು ಓಎಲ್‌ಟಿಗೆ ಮೊದಲೇ ಗೊತ್ತಿತ್ತು. ಕರೆಂಟು ಹೋದಾಗ ಮನೆಯ ಡಬ್ಬಿ ಸಾಯುವ ಮುಂಚೆ, ಉಳಿದಿರುವ ಕೊನೆಯ ಚೂರು ಶಕ್ತಿಯಲ್ಲಿ, ಎಕ್ಸ್‌ಚೇಂಜ್‌ಗೆ ಒಂದು ಸಂದೇಶ ಕಳಿಸುತ್ತದೆ. ಅದಕ್ಕೆ 'ಡೈಯಿಂಗ್ ಗ್ಯಾಸ್ಪ್' ಎಂದು ಹೆಸರು. ನಮ್ಮಲ್ಲಿ ಕೊನೆಯುಸಿರು ಎನ್ನುತ್ತೇವಲ್ಲ, ಅದೇ. ಕೇಬಲ್ ತುಂಡಾದರೆ ಈ ಕೊನೆಯುಸಿರು ಬರುವುದಿಲ್ಲ, ಬೆಳಕು ನಿಂತಿತು ಎಂಬ ಬೇರೆ ಸಂದೇಶ ಬರುತ್ತದೆ. ಎರಡಕ್ಕೂ ಇರುವ ಅಂತರ ಒಂದು ಸಾಲು. ಅದನ್ನು ಓದಲು ಗೊತ್ತಿದ್ದರೆ ಆ ಹುಡುಗ ಮಳೆಯಲ್ಲಿ ಹೋಗಬೇಕಿರಲಿಲ್ಲ. ಮನೆಯಲ್ಲೇ ಕೂತು "ಕರೆಂಟ್ ಬಂದ್ ಮ್ಯಾಲೆ ನೋಡ್ರಿ ಅಣ್ಣಾರ" ಎಂದು ಹೇಳಿ ಮಲಗಬಹುದಿತ್ತು.

ಇನ್ನೊಂದು ಸಾಲು ಬೆಳಕಿನ ಅಳತೆ ಹೇಳುತ್ತದೆ. ಮನೆಯ ಡಬ್ಬಿಗೆ ಬರುವ ಬೆಳಕು ಸಾಮಾನ್ಯವಾಗಿ ಮೈನಸ್ 8ರಿಂದ ಮೈನಸ್ 27ರ ನಡುವೆ ಇರಬೇಕು. ಮೂರು ಅಂಕಿ ಇಳಿದರೆ ಬೆಳಕು ಅರ್ಧವಾಯಿತು ಎಂದರ್ಥ. ಮೈನಸ್ 20 ಇದ್ದದ್ದು ಒಂದೇ ದಿನದಲ್ಲಿ ಮೈನಸ್ 26 ಆಗಿದ್ದರೆ ಬೆಳಕು ನಾಲ್ಕನೇ ಒಂದು ಪಾಲಿಗೆ ಇಳಿದಿದೆ. ಎಲ್ಲೋ ಕೇಬಲ್ ಮಡಚಿದೆ, ಇನ್ನೂ ತುಂಡಾಗಿಲ್ಲ. ಗಿರಾಕಿ ಫೋನು ಮಾಡುವ ಮೊದಲೇ ಹೋಗಿ ಸರಿ ಮಾಡಬಹುದು. ಇದು ರಾಕೆಟ್ ವಿಜ್ಞಾನವಲ್ಲ, ಸಂತೆಯ ಲೆಕ್ಕದಷ್ಟೇ ಸರಳ. ಆದರೂ ಆ ಪರದೆಯ ಪಾಸ್‌ವರ್ಡ್ ನಿಗಾ ಕೇಂದ್ರದವರ ಕೈಯಲ್ಲಿ, ಏಣಿ ನಮ್ಮ ಹುಡುಗನ ಹೆಗಲ ಮೇಲೆ.

ಊರ ಹೆಸರಿನ ಗೋಳು ಕೇಳಿದರೆ ನಗುತ್ತೀರಿ. ಪ್ರತಿ ಪೋರ್ಟಿಗೂ ಒಂದು ಗುರುತು ಬರೆದಿಡುವ ಜಾಗ ಇರುತ್ತದೆ. ಬಹಳಷ್ಟು ಯಂತ್ರಗಳು ಅಲ್ಲಿ ರೋಮನ್ ಅಕ್ಷರ ಬಿಟ್ಟು ಬೇರೇನನ್ನೂ ತೆಗೆದುಕೊಳ್ಳುವುದಿಲ್ಲ. ಕನ್ನಡದಲ್ಲಿ ಕೌಜಲಗಿಗೆ ಒಂದೇ ಕಾಗುಣಿತ. ರೋಮನ್‌ನಲ್ಲಿ? ಒಬ್ಬ ಕೆ-ಎ-ಯು ಎಂದು ಶುರು ಮಾಡುತ್ತಾನೆ, ಇನ್ನೊಬ್ಬ ಕೆ-ಒ-ಯು. ಒಬ್ಬ ಎಲ್-ಜಿ-ಐ ಎಂದು ಮುಗಿಸುತ್ತಾನೆ, ಇನ್ನೊಬ್ಬ ಎಲ್-ಎ-ಜಿ-ಐ. ಅಲ್ಲಿಗೆ ನಾಲ್ಕು ಕೌಜಲಗಿ ಆಯಿತು. ಹುಕ್ಕೇರಿ ತಾಲ್ಲೂಕಿನ ಯಮಕನಮರಡಿಯನ್ನು ಎಷ್ಟು ಬಗೆಯಲ್ಲಿ ಬರೆಯಬಹುದು ಎಂದು ನೀವೇ ಕೂತು ಲೆಕ್ಕ ಹಾಕಿ, ಸಂಜೆ ಕಳೆಯುತ್ತದೆ. ಯಂತ್ರಕ್ಕೆ ಅಂದಾಜು ಗೊತ್ತಿಲ್ಲ. ಹುಡುಕು ಎಂದು ಒಂದು ಕಾಗುಣಿತ ಕೊಟ್ಟರೆ ಅಕ್ಷರಕ್ಕೆ ಅಕ್ಷರ ಕೂಡಬೇಕು. ಕೂಡದಿದ್ದರೆ 'ಅಂಥ ಊರಿಲ್ಲ'. ದೂರದಲ್ಲಿ ಕೂತ, ಈ ಊರಿನ ಹೆಸರನ್ನು ಕಿವಿಯಾರೆ ಕೇಳದ ಮನುಷ್ಯ ಬೇರೆ ಪೋರ್ಟನ್ನು ಬಂದ್ ಮಾಡಿದರೆ ತಪ್ಪು ಯಾರದು?

ಅವನದ್ದೂ ಅಲ್ಲ ಬಿಡಿ. ಅವನೂ ನಮ್ಮ ಹಾಗೆ ಸಂಬಳಕ್ಕೆ ರಾತ್ರಿ ಪಾಳಿ ಮಾಡುವವನು.

ಭಾಷೆ ತಿಳಿಯದಿದ್ದರೆ ಆಗುವ ನಷ್ಟ ಬೈಕಿನ ಪೆಟ್ರೋಲಿಗೇ ನಿಲ್ಲುವುದಿಲ್ಲ. 2017ರ ಜುಲೈಯಲ್ಲಿ ಬಿಎಸ್‌ಎನ್‌ಎಲ್ ಬ್ರಾಡ್‌ಬ್ಯಾಂಡ್ ಮೋಡೆಮ್‌ಗಳ ಮೇಲೆ ಮಾಲ್‌ವೇರ್ ದಾಳಿ ನಡೆಯಿತು. ಕರ್ನಾಟಕದ ಮನೆಗಳೂ ಅದರಲ್ಲಿದ್ದವು. ಪೆಟ್ಟು ತಿಂದವು ಯಾವುವು? ಕಾರ್ಖಾನೆಯಿಂದ ಬಂದ 'ಅಡ್ಮಿನ್' ಎಂಬ ಪಾಸ್‌ವರ್ಡನ್ನು ಬದಲಿಸದೆ ಹಾಗೇ ಬಿಟ್ಟವು. ಅದಕ್ಕೆ ಒಂದು ವರ್ಷ ಮೊದಲು, 2016ರಲ್ಲಿ, ಮಿರಾಯ್ ಎಂಬುದು ಇದೇ ಬಾಗಿಲಿನಿಂದ ಜಗತ್ತಿನ ಲಕ್ಷಾಂತರ ಡಬ್ಬಿಗಳೊಳಗೆ ನುಗ್ಗಿತ್ತು. ಟೆಲ್ನೆಟ್ ಎಂಬ ಕಮಾಂಡಿನ ಬಾಗಿಲು ತೆರೆದಿತ್ತು, ಬೀಗದ ಕೈ ಬಾಗಿಲಿನ ಮೇಲೇ ನೇತಾಡುತ್ತಿತ್ತು. 'ಪಾಸ್‌ವರ್ಡ್ ಬದಲಿಸಿ' ಎಂಬ ಎಚ್ಚರಿಕೆ ಡಬ್ಬಿಯ ಜೊತೆ ಬರುವ ಪುಸ್ತಕದಲ್ಲಿ ಇಂಗ್ಲಿಷಿನಲ್ಲಿರುತ್ತದೆ. ಔಷಧಿ ಬಾಟಲಿಯ ಮೇಲೆ ವಿಷ ಎಂದು ಪರಭಾಷೆಯಲ್ಲಿ ಬರೆದು, ಕುಡಿದವನನ್ನು ದಡ್ಡ ಎಂದಹಾಗೆ.

2019ರ ಆಗಸ್ಟ್ ನೆನಪಿದೆಯೆ? ಘಟಪ್ರಭೆ ಉಕ್ಕಿ ಗೋಕಾಕದ ಬೀದಿಗಳಿಗೆ ನುಗ್ಗಿದ್ದು, ಲೋಳಸೂರ ಸೇತುವೆ ಮುಳುಗಿದ್ದು? ಅಂಥ ದಿನ ದೂರದ ನಿಗಾ ಕೇಂದ್ರ ಏನು ಮಾಡಬಲ್ಲದು? ಅಲ್ಲಿಂದ ಯಂತ್ರಕ್ಕೆ ಹೋಗುವ ದಾರಿಯೇ ಕೇಬಲ್. ಕೇಬಲ್ ಹೋದರೆ ಅವರ ಪರದೆಯ ಮೇಲೆ ಗೋಕಾಕ ಒಂದು ಕೆಂಪು ಚುಕ್ಕೆ. ಆಗ ಯಂತ್ರದ ಪಕ್ಕದಲ್ಲಿ ಕೂತು, ಕನ್ಸೋಲ್ ಕೇಬಲ್ ಸಿಕ್ಕಿಸಿ, ಉಳಿದ ಇನ್ನೊಂದು ದಾರಿಗೆ ಕರೆಗಳನ್ನು ತಿರುಗಿಸಬಲ್ಲವನು ಊರಿನಲ್ಲೇ ಬೇಕು. ಇಲ್ಲೊಂದು ಹುಷಾರಿನ ಮಾತು. ದೂರದಿಂದ ಲಾಗಿನ್ ಆಗಿ, ತಾನು ಬಂದ ದಾರಿಯನ್ನೇ ಬದಲಿಸಿ, ಎಂಟರ್ ಒತ್ತಿ, ಹೊರಗೆ ಬಿದ್ದ ಎಂಜಿನಿಯರುಗಳು ಎಲ್ಲ ಕಂಪನಿಯಲ್ಲೂ ಇದ್ದಾರೆ. ಕೂತ ಕೊಂಬೆಯನ್ನೇ ಕಡಿಯುವುದು ಎಂದರೆ ಇದೇ. ಆಗಲೂ ಓಡಿಹೋಗಿ ಕೇಬಲ್ ಸಿಕ್ಕಿಸಬೇಕಾದವನು ಊರ ಹುಡುಗನೇ. ಎಲ್ಲ ಸರಿ ಮಾಡಿ 'ಸೇವ್' ಒತ್ತಲು ಮರೆತರೆ ಇನ್ನೊಂದು ಗ್ರಹಚಾರ. ಬದಲಾವಣೆ ಯಂತ್ರದ ತಾತ್ಕಾಲಿಕ ನೆನಪಿನಲ್ಲಿರುತ್ತದೆ. ಬ್ಯಾಟರಿಯೂ ಮುಗಿದು ಯಂತ್ರ ಮಲಗಿ ಎದ್ದರೆ ಹಳೆಯ ಕತೆಯನ್ನೇ ಹೇಳುತ್ತದೆ.

ಹಾಗಾದರೆ ನಾವು ಕೇಳಬೇಕಾದದ್ದು ಏನು?

ನಮ್ಮಲ್ಲೇ ಕೆಲವರು ಕಮಾಂಡುಗಳನ್ನೆಲ್ಲ ಕನ್ನಡಕ್ಕೆ ತಿರುಗಿಸಬೇಕು ಎನ್ನುತ್ತಾರೆ. ಅವರ ಉತ್ಸಾಹಕ್ಕೆ ಕೈಮುಗಿಯುತ್ತೇನೆ, ಮಾತನ್ನು ಒಪ್ಪುವುದಿಲ್ಲ. 'ಆಜ್ಞಾಪಂಕ್ತಿ' ಎಂದು ಹೆಸರಿಟ್ಟು, ಸಮ್ಮೇಳನದಲ್ಲಿ ಬಿಡುಗಡೆ ಮಾಡಿ, ಶಾಲು ಹೊದ್ದು ಮನೆಗೆ ಹೋದರೆ ಮೂಡಲಗಿಯ ಹುಡುಗನಿಗೆ ಏನು ಬಂತು? ಕಮಾಂಡ್ ಎನ್ನುವುದು ನಾಲ್ಕಾರು ಅಕ್ಷರದ ಮಂತ್ರ. ಎ-ಬಿ-ಒ-ಸಿ-ಆರ್ ಕಲಿತ ಕೈಗೆ 'ಶೋ' ಕಲಿಯುವುದು ಕಷ್ಟವಲ್ಲ. ಅದು ಹಾಗೇ ಇರಲಿ. ನಾವು ಹಿಡಿಯಬೇಕಾದದ್ದು ಯಂತ್ರ ಕೊಡುವ ಉತ್ತರವನ್ನು, ಅದರ ಎಚ್ಚರಿಕೆಯನ್ನು, ಪ್ರಶ್ನಾರ್ಥಕ ಒತ್ತಿದಾಗ ಬರುವ ಪಟ್ಟಿಯನ್ನು, ಯಂತ್ರದ ಜೊತೆ ಬರುವ ಪುಸ್ತಕವನ್ನು, ಎಲ್ಲಕ್ಕಿಂತ ಮೊದಲು ತರಬೇತಿಯನ್ನು. ಇವು ಕನ್ನಡದಲ್ಲಿ ಇರಲೇಬೇಕು. ಮೈಯಲ್ಲಿ ನೋವಿದ್ದವನು ಔಷಧಿಯ ಲ್ಯಾಟಿನ್ ಹೆಸರು ಕಲಿಯಬೇಕಿಲ್ಲ, ದಿನಕ್ಕೆ ಎಷ್ಟು ಸಲ ಎಂಬುದು ಅವನ ಭಾಷೆಯಲ್ಲಿರಬೇಕು.

ಆಗುವುದಿಲ್ಲ ಎನ್ನುವವರಿಗೆ ಉತ್ತರ ಇದೆ. ಕಪ್ಪು ಪರದೆಯಲ್ಲಿ ಪ್ರತಿ ಅಕ್ಷರಕ್ಕೂ ಒಂದೇ ಅಳತೆಯ ಚೌಕ. ನಮ್ಮ ಒತ್ತಕ್ಷರ ಆ ಚೌಕದಲ್ಲಿ ಕೂರುವುದಿಲ್ಲ ಎಂಬುದು ನಿಜವಾದ ತೊಡಕು. ಆದರೆ ಪುಣೆಯ ಸಿ-ಡ್ಯಾಕ್ ಸಂಸ್ಥೆ ಜಿಸ್ಟ್ ಕಾರ್ಡ್ ಎಂಬುದನ್ನು 1990ರ ಆಸುಪಾಸಿನಲ್ಲೇ ಮಾಡಿ, ಹಳೆಯ ಡಾಸ್ ಪರದೆಯ ಮೇಲೆ ಭಾರತದ ಲಿಪಿಗಳನ್ನು ಕೂರಿಸಿ ತೋರಿಸಿತು. ಯುನಿಕೋಡ್‌ನಲ್ಲಿ ಕನ್ನಡ 1991ರ ಮೊದಲ ಆವೃತ್ತಿಯಿಂದಲೇ ಇದೆ. ಅಷ್ಟು ಹಿಂದೆ ಆದದ್ದು ಈಗ ಆಗುವುದಿಲ್ಲ ಎಂದರೆ ಕೊರತೆ ಯಂತ್ರದ್ದಲ್ಲ. ಸಿ-ಡಾಟ್‌ನ ಕಚೇರಿ ಬೆಂಗಳೂರಿನಲ್ಲಿದೆ. 2025ರ ಸೆಪ್ಟೆಂಬರ್‌ನಲ್ಲಿ ಉದ್ಘಾಟನೆಯಾದ ಬಿಎಸ್‌ಎನ್‌ಎಲ್ 4ಜಿಗೆ ರೇಡಿಯೋ ಉಪಕರಣ ಕೊಟ್ಟ ತೇಜಸ್ ನೆಟ್‌ವರ್ಕ್ಸ್ ಬೆಂಗಳೂರಿನದು. ಯಂತ್ರ ಹುಟ್ಟುವುದು ನಮ್ಮ ಊರಿನಲ್ಲಿ, ಕೂರುವುದು ನಮ್ಮ ಊರಿನಲ್ಲಿ. ನಡುವೆ ಅದು ಕನ್ನಡ ಕಲಿಯಲು ಎಷ್ಟು ದೂರ ಹೋಗಬೇಕು ಸ್ವಾಮಿ?

ಕಿತ್ತೂರಿನ ಎಕ್ಸ್‌ಚೇಂಜ್ ಚಾಲೂ ಆದ 1986ರಲ್ಲೇ ಸರೋಜಿನಿ ಮಹಿಷಿ ವರದಿಯೂ ಪೂರ್ತಿಯಾಯಿತು. ಕನ್ನಡಿಗರಿಗೆ ಕೆಲಸ ಕೊಡಿ ಎಂದು ಅಂದಿನಿಂದ ಎಣಿಸುತ್ತಿದ್ದೇವೆ. ಎಷ್ಟು ಜನ, ಶೇಕಡಾ ಎಷ್ಟು. ಎಣಿಸಬೇಕು, ಬಿಡಬಾರದು. ಆದರೆ ಏಣಿಯ ಕೆಲಸವೋ ಕೀಲಿಮಣೆಯ ಕೆಲಸವೋ ಎಂದು ನಾವು ಕೇಳುವುದಿಲ್ಲ. ಏಣಿಯ ಕೆಲಸಕ್ಕೆ ನೂರಕ್ಕೆ ನೂರು ಕನ್ನಡಿಗರನ್ನು ಇಟ್ಟು, 'ನೋಡಿ, ಎಲ್ಲ ನಿಮ್ಮವರೇ' ಎಂದರೆ ಚಪ್ಪಾಳೆ ಹೊಡೆದು ಬರುತ್ತೀರಾ?

ಊರಿನವರ ಕೈಗೆ ಯಂತ್ರ ಕೊಟ್ಟರೆ ಕೆಡುತ್ತದೆ ಎನ್ನುವವರು ಹುಕ್ಕೇರಿಗೆ ಹೋಗಿ ಬರಲಿ. ಅಲ್ಲಿ 1969ರಲ್ಲಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ ಕಟ್ಟಿಕೊಂಡರು. ಮನೆಗಳಿಗೂ ಪಂಪ್‌ಸೆಟ್ಟುಗಳಿಗೂ ಕರೆಂಟು ಹಂಚುವುದು ತಾಲ್ಲೂಕಿನ ಜನರ ಸ್ವಂತ ಸಂಘ. ಅದರ ರಾಜಕೀಯ ಬೇರೆ ಮಾತು, ರಾಜಕೀಯವಿಲ್ಲದ ಸಹಕಾರಿ ಸಂಘ ಯಾವುದಿದೆ ಹೇಳಿ. ಫ್ಯೂಸು ಹೋದರೆ ಯಾರಿಗೆ ಹೇಳಬೇಕು, ಯಾವ ಮಾತಿನಲ್ಲಿ ಹೇಳಬೇಕು ಎಂಬುದು ಅಲ್ಲಿನ ರೈತನಿಗೆ ಗೊತ್ತು.

ಈಗ ನಿಮ್ಮ ಸರದಿ. ಎಲೆಕ್ಟ್ರಾನಿಕ್ ಸಿಟಿಯಲ್ಲೋ ವೈಟ್‌ಫೀಲ್ಡಿನಲ್ಲೋ ರಾತ್ರಿ ಪಾಳಿಯಲ್ಲಿ ಅಮೆರಿಕದವರ ರೌಟರುಗಳಿಗೆ ಕಮಾಂಡ್ ಒತ್ತುವ ಕನ್ನಡದ ಹುಡುಗ ಹುಡುಗಿಯರು ನೀವು. ಈ ಲೇಖನದಲ್ಲಿ ಬರೆದದ್ದೆಲ್ಲ ನಿಮಗೆ ಎಡಗೈ ಆಟ. ನಿಮ್ಮ ತಲೆಯೊಳಗಿರುವುದನ್ನು ಕನ್ನಡದಲ್ಲಿ ಎರಡು ಹಾಳೆ ಬರೆದಿದ್ದೀರಾ? ರಾಜ್ಯೋತ್ಸವಕ್ಕೆ ಆರ್ಕೆಸ್ಟ್ರಾ ಕರೆಸುವ ಹಣದಲ್ಲಿ ಹಳೆಯ ಓಎಲ್‌ಟಿಯೊಂದನ್ನು ಕೊಂಡು ಗೋಕಾಕದ ಯಾವುದಾದರೂ ಕಾಲೇಜಿನ ಮೇಜಿನ ಮೇಲೆ ಇಡಬಹುದು. ಅದೂ ಬೇಡ, ಪ್ಯಾಕೆಟ್ ಟ್ರೇಸರ್, ಜಿಎನ್‌ಎಸ್3 ಎಂಬ ಸಾಫ್ಟ್‌ವೇರುಗಳು ಪುಕ್ಕಟೆ ಸಿಗುತ್ತವೆ. ಯಂತ್ರವಿಲ್ಲದೆಯೇ ರೌಟರಿನ ಕಮಾಂಡುಗಳನ್ನು ಕಲಿಸುತ್ತವೆ. ಎರಡು ಭಾನುವಾರ ಸಾಕು. ಯಾರದ್ದೋ ಚಾಲೂ ಇರುವ ಯಂತ್ರಕ್ಕೆ ಅಪ್ಪಣೆಯಿಲ್ಲದೆ ಕೈ ಹಾಕಬೇಡಿ, ಅದು ಅಪರಾಧ. ಕಲಿಯಲು ಬೇರೆ ಯಂತ್ರ ಇಡಿ.

ಶುರುವಿಗೆ ಒಂದು ಹಾಳೆ ನಾನು ಬರೆದಿದ್ದೇನೆ. ಎಕ್ಸ್‌ಚೇಂಜ್ ಕೋಣೆಯ ಬೀರುವಿನ ಬಾಗಿಲಿಗೆ ಅಂಟಿಸಲು.

ಎಲ್‌ಒಎಸ್: ಬೆಳಕು ಬರುತ್ತಿಲ್ಲ. ಕೇಬಲ್ ತುಂಡಾಗಿರಬಹುದು ಇಲ್ಲವೇ ಕನೆಕ್ಟರ್ ಕಳಚಿರಬಹುದು. ಒಂದೇ ಮನೆಯೋ, ಇಡೀ ಪೋರ್ಟೋ, ಮೊದಲು ಅದನ್ನು ನೋಡಿ.

ಡೈಯಿಂಗ್ ಗ್ಯಾಸ್ಪ್: ಗಿರಾಕಿಯ ಮನೆಯಲ್ಲಿ ಕರೆಂಟು ಹೋಗಿದೆ. ಕೇಬಲ್ ಹುಡುಕಿಕೊಂಡು ಹೋಗಬೇಡಿ, ಫೋನು ಮಾಡಿ ಕೇಳಿ.

ಲೋ ಆರ್‌ಎಕ್ಸ್ ಪವರ್: ಬೆಳಕು ಮಂದವಾಗಿದೆ. ನಿನ್ನೆಯ ಅಂಕಿ ಎಷ್ಟಿತ್ತು ಎಂದು ಹೋಲಿಸಿ. ಮಡಚಿದ ಕೇಬಲ್, ಧೂಳು ಹಿಡಿದ ಕನೆಕ್ಟರ್ ಹುಡುಕಿ.

ರೋಗ್ ಓಎನ್‌ಟಿ: ಒಂದು ಮನೆಯ ಡಬ್ಬಿ ತನ್ನ ಸರದಿ ಬಿಟ್ಟು ಕೂಗುತ್ತಿದೆ, ಅದೇ ಎಳೆಯ ಮೇಲಿರುವ ಬೇರೆ ಮನೆಗಳ ಮಾತೂ ಕೆಡುತ್ತಿದೆ. ಒಂದೊಂದೇ ಡಬ್ಬಿಯನ್ನು ಬಂದ್ ಮಾಡುತ್ತಾ ಹೋಗಿ. ಯಾವುದು ಬಂದ್ ಆದಾಗ ಉಳಿದವು ಸರಿಯಾಗುತ್ತವೋ ಅದೇ ಕಳ್ಳ.

ಹಾಳೆಯಲ್ಲಿ ಇನ್ನೂ ಜಾಗ ಇದೆ. ನಿಮಗೆ ಗೊತ್ತಿರುವ ಅಲಾರಂಗಳನ್ನು ಸೇರಿಸಿ, ನಮ್ಮ ಕಚೇರಿಗೆ ಕಳಿಸಿ. ಅಚ್ಚು ಹಾಕಿಸಿ ಮೂರೂ ಊರಿಗೆ ಮುಟ್ಟಿಸುವ ಕೆಲಸ ನಮ್ಮದು.